ಕಥೆಗಾಗಿಯೇ ಓದುವವರ ಪರವಾಗಿ

ಸಾಹಿತ್ಯದ ಸಭೆಗಳಲ್ಲಿ ಆಗಾಗ ಕಿವಿಗೆ ಬೀಳುವ ಒಂದು ಮಾತು: ‘ಅವರೆಲ್ಲ ಬರೀ ಕಥೆಗೋಸ್ಕರ ಓದೋರು.’ ಹೇಳುವವರ ದನಿಯಲ್ಲಿ ಸಣ್ಣ ತಾತ್ಸಾರವಿರುತ್ತದೆ. ಕಥೆಗೋಸ್ಕರ ಓದುವುದು ಓದಿನ ಕೆಳದರ್ಜೆ, ಅದನ್ನು ದಾಟಿ ತಂತ್ರ, ಧ್ವನಿ, ಸಂಕೇತಗಳನ್ನು ಗುರುತಿಸುವ ಹಂತಕ್ಕೆ ಬಂದವರೇ ನಿಜವಾದ ಓದುಗರು ಎಂಬ ನಂಬಿಕೆ ಅದರ ಹಿಂದಿದೆ. ಮನೆಗಳಲ್ಲಿ ಇದೇ ಮಾತು ಬೇರೆ ವೇಷದಲ್ಲಿ ಬರುತ್ತದೆ: ‘ಕಾದಂಬರಿ ಓದ್ತಾ ಕೂತ್ರೆ ಕೆಲಸ ಯಾರು ಮಾಡ್ತಾರೆ?’ ಪದವಿ ತರಗತಿಯ ಪ್ರಶ್ನೆಪತ್ರಿಕೆ ಕಾದಂಬರಿಯ ಆಶಯವನ್ನು ವಿವರಿಸಿ ಎನ್ನುತ್ತದೆ, ಓದುವಾಗ ಎಲ್ಲಿ ಉಸಿರು ಬಿಗಿಹಿಡಿದಿರಿ ಎಂದು ಕೇಳುವುದಿಲ್ಲ.

ನಾನು ಕಥೆಗೋಸ್ಕರವೇ ಓದುವವಳು. ಹೊಸ ಕಾದಂಬರಿ ಕೈಗೆತ್ತಿಕೊಂಡಾಗ ನನಗೆ ಮೊದಲು ಬೇಕಾಗುವುದು ಒಬ್ಬ ಮನುಷ್ಯ, ಅವನಿಗೊಂದು ಕಷ್ಟ, ಅದರಿಂದ ಅವನು ಹೇಗೆ ಪಾರಾಗುತ್ತಾನೆ ಎಂಬ ಕಾತರ. ಈ ಕಾತರವನ್ನು ಕೀಳಾಗಿ ಕಂಡು ಕನ್ನಡದ ಓದಿಗೆ ನಾವೇ ನಷ್ಟ ಮಾಡಿಕೊಂಡಿದ್ದೇವೆ ಎಂಬುದು ನನ್ನ ವಾದ. ಕಾದಂಬರಿ ಕೊಡುವ ತಿಳಿವು, ಅನುಕಂಪ, ವಿವೇಕ ಏನೇ ಇರಲಿ, ಅದು ಓದುಗರೊಳಗೆ ಇಳಿಯುವುದು ಈ ಕಾತರದ ಮೂಲಕವೇ. ಅದನ್ನು ಬಿಟ್ಟು ನೇರವಾಗಿ ತಿಳಿವಿಗೇ ಕೈಹಾಕುವುದಾದರೆ ಕಾದಂಬರಿ ಏಕೆ, ಒಂದು ಪ್ರಬಂಧವೇ ಸಾಕು.

ಭೈರಪ್ಪನವರ ‘ಗೃಹಭಂಗ’ವನ್ನೇ ತೆಗೆದುಕೊಳ್ಳಿ. 1970ರಲ್ಲಿ ಬಂದ ಈ ಕಾದಂಬರಿಯನ್ನು ಓದಿದವರಿಗೆ ಹಳೆಯ ಮೈಸೂರಿನ ಒಂದು ಹಳ್ಳಿಯ ಶ್ಯಾನುಭೋಗಿಕೆ ಹೇಗೆ ನಡೆಯುತ್ತಿತ್ತು ಎಂಬುದು ಗೊತ್ತಿರುತ್ತದೆ. ಜಮಾಬಂದಿಗೆ ಲೆಕ್ಕ ಸಿದ್ಧವಾಗಬೇಕು, ಗಂಡ ಚೆನ್ನಿಗರಾಯನಿಗೆ ಬರೆಯಲು ಬಾರದು, ಬರೆಯುವ ಮನಸ್ಸೂ ಇಲ್ಲ. ನಂಜಮ್ಮ ಕುಳಿತು ಗೆರೆ ಎಳೆದು ಲೆಕ್ಕ ಬರೆಯುತ್ತಾಳೆ. ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಾರೆ. ಇದನ್ನೆಲ್ಲ ಯಾವ ಓದುಗರೂ ಗ್ರಾಮಾಡಳಿತದ ಇತಿಹಾಸ ತಿಳಿಯಲೆಂದು ಓದಿದವರಲ್ಲ. ಈ ತಿಂಗಳು ಈ ಹೆಂಗಸು ಮಕ್ಕಳ ಹೊಟ್ಟೆಗೆ ಏನು ಹಾಕುತ್ತಾಳೆ ಎಂದು ತಿಳಿಯಲು ಓದಿದರು. ಅತ್ತೆ ಗಂಗಮ್ಮನ ಬಾಯಿ, ಮೈದುನ ಅಪ್ಪಣ್ಣಯ್ಯನ ಮೂರ್ಖತನ, ಮಾದೇವಯ್ಯನವರ ಆಸರೆ ಎಲ್ಲವನ್ನೂ ನಂಜಮ್ಮನ ಪರವಾಗಿ ನಿಂತು ನೋಡಿದರು. ಲೆಕ್ಕದ ಪುಸ್ತಕಕ್ಕೂ ಅನ್ನಕ್ಕೂ ಇರುವ ಸಂಬಂಧ ಅವರಿಗೆ ಶಾಶ್ವತವಾಗಿ ಅರ್ಥವಾಗಿದ್ದು ಹಾಗೆ.

ನಂಜಮ್ಮನ ಮಕ್ಕಳಾದ ಪಾರ್ವತಿ, ರಾಮಣ್ಣ ಇಬ್ಬರನ್ನೂ ಪ್ಲೇಗು ಕೊಂಡೊಯ್ಯುವ ಪುಟಗಳಲ್ಲಿ ಪುಸ್ತಕ ಮುಚ್ಚಿಟ್ಟು ಎದ್ದು ಹೋದ ಓದುಗರು ಎಷ್ಟೋ ಮಂದಿ. ಕೆಲವರು ಮತ್ತೆಂದೂ ಅದನ್ನು ತೆರೆಯಲಿಲ್ಲ. ‘ಆ ಮಕ್ಕಳನ್ನ ಸಾಯಿಸಬಾರದಿತ್ತು’ ಎಂದು ಇಂದಿಗೂ ಜಗಳಕ್ಕೆ ಬರುವವರನ್ನು ನಾನು ಬಲ್ಲೆ. ವಿಮರ್ಶೆಯ ಪರಿಭಾಷೆಯಲ್ಲಿ ಇದು ಭಾವುಕತೆ ಎನಿಸಬಹುದು. ನನಗೆ ಅದು ಕಾದಂಬರಿಯನ್ನು ಪೂರ್ತಿಯಾಗಿ ಓದಿದ್ದರ ಗುರುತು. ಬರಹದಲ್ಲಷ್ಟೇ ಇದ್ದ ಇಬ್ಬರು ಮಕ್ಕಳ ಸಾವಿನ ವಿರುದ್ಧ ವರ್ಷಗಟ್ಟಲೆ ತಕರಾರು ಇಟ್ಟುಕೊಳ್ಳುವ ಮನಸ್ಸು ಹಗುರವಾದದ್ದಲ್ಲ. ವಿಧಿ, ದಾರಿದ್ರ್ಯ, ಪುರುಷರ ಬೇಜವಾಬ್ದಾರಿ ಕುರಿತು ಆ ಕೃತಿಯ ಬಗ್ಗೆ ಬರೆದ ಯಾವ ಲೇಖನವೂ ಆ ತಕರಾರಿಗಿಂತ ಹೆಚ್ಚು ಆಳಕ್ಕೆ ಹೋಗಿದೆ ಎಂದು ನನಗೆ ಅನಿಸಿಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಗ್ಗೆ ಇನ್ನೊಂದು ಬಗೆಯ ಅನ್ಯಾಯ ಆಗಿದೆ. ಅದು ಮಹಾಕೃತಿ, ದರ್ಶನದ ಕೃತಿ, ಸಾವಧಾನವಾಗಿ ಓದಬೇಕಾದ ಕೃತಿ ಎಂದು ಎಷ್ಟು ಹೇಳಿದ್ದೇವೆಂದರೆ, ಹೊಸ ಓದುಗರು ಅದನ್ನು ಮುಟ್ಟುವ ಮೊದಲೇ ಹೆದರುತ್ತಾರೆ. ಮುಟ್ಟಿದವರಲ್ಲಿ ಅನೇಕರು ಮೊದಲ ಐವತ್ತು ಪುಟಗಳ ಹೆಸರುಗಳ ಸಂತೆಯಲ್ಲಿ ದಾರಿ ತಪ್ಪಿ ಹಿಂದಿರುಗುತ್ತಾರೆ. ಅಂಥವರಿಗೆ ನಾನು ಹೇಳುವುದು ಇಷ್ಟೇ: ನಾಯಿಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಕಣ್ಣು ತಪ್ಪದಂತೆ ಹಿಂಬಾಲಿಸಿ. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೋ ಇಲ್ಲವೋ, ಚಿನ್ನಮ್ಮ ಬೇಡದ ಮದುವೆಯಿಂದ ಪಾರಾಗಿ ಮುಕುಂದಯ್ಯನ ಹತ್ತಿರ ತಲುಪುತ್ತಾಳೋ ಇಲ್ಲವೋ, ಅದನ್ನು ತಿಳಿಯುವ ಹಟದಿಂದ ಓದಿ. ಕಾಡಿನ ಕತ್ತಲು, ಜಿಗಣೆ, ಮಳೆ, ಜಾತಿಯ ಕ್ರೌರ್ಯ, ಪಾದ್ರಿಯ ಪ್ರಭಾವ, ಊರಿನವರು ‘ಬೀಸೆಕಲ್ಲು’ ಎಂದು ಕರೆಯುವ ಸೈಕಲ್ಲು ಎಲ್ಲವೂ ಆ ಓಟದ ನಡುವೆ ತಾವಾಗಿ ಸಿಗುತ್ತವೆ. ಕುವೆಂಪು ಅವರೇ ಓದುಗರನ್ನು ಕಾಯಿಸುವುದರಲ್ಲಿ ಎತ್ತಿದ ಕೈ. ಒಂದು ಜೋಡಿಯನ್ನು ಕಷ್ಟದ ತುದಿಗೆ ತಂದು ನಿಲ್ಲಿಸಿ ಇನ್ನೊಂದು ಮನೆಯ ಜಗಲಿಗೆ ಕಥೆಯನ್ನು ಹೊರಳಿಸಿಬಿಡುತ್ತಾರೆ. ವಾರಪತ್ರಿಕೆಯ ಧಾರಾವಾಹಿ ಬರೆದವರೆಲ್ಲ ಬಲ್ಲ ವಿದ್ಯೆಯದು. ಕೊನೆಯಲ್ಲಿ ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುವಾಗ ಓದುಗರಿಗೆ ಆಗುವ ಸಂಕಟ, ಅಷ್ಟು ಪುಟಗಳ ಉದ್ದಕ್ಕೂ ಆ ನಾಯಿಯ ಜೊತೆ ನಡೆದದ್ದರ ಫಲ. ಪ್ರಾಣಿಯ ಸಾವು ಸೃಷ್ಟಿಯ ಸಮಾನತೆಯ ಸಂಕೇತ ಎಂದು ತರಗತಿಯಲ್ಲಿ ಟಿಪ್ಪಣಿ ಬರೆಸಿದರೆ ಈ ಸಂಕಟ ಬರುವುದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ಮುಂದೇನಾಯಿತು ಎಂಬುದೇ ಮುಖ್ಯವಾದರೆ ಒಮ್ಮೆ ಓದಿದ ಮೇಲೆ ಕಾದಂಬರಿಯ ಕೆಲಸ ಮುಗಿಯಬೇಕಲ್ಲ? ಹಾಗಾದರೆ ಮರುಓದು ಏಕೆ? ಕೊಲೆಗಾರ ಯಾರೆಂದು ಗೊತ್ತಾದ ಪತ್ತೇದಾರಿ ಕಾದಂಬರಿಯನ್ನು ಮತ್ತೆ ಯಾರು ಓದುತ್ತಾರೆ?

ಉತ್ತರ ನಮ್ಮ ನೆಲದಲ್ಲೇ ಇದೆ. ಕರಾವಳಿಯಲ್ಲಿ ‘ಕರ್ಣಾವಸಾನ’ದ ತಾಳಮದ್ದಳೆಗೆ ಕೂತವರಲ್ಲಿ ಕರ್ಣ ಸಾಯುತ್ತಾನೆಂದು ಗೊತ್ತಿಲ್ಲದವರು ಒಬ್ಬರೂ ಇರುವುದಿಲ್ಲ. ಪ್ರಸಂಗದ ಪದ್ಯಗಳೂ ಅನೇಕರಿಗೆ ಬಾಯಿಗೆ ಬರುತ್ತವೆ. ಆದರೂ ರಥದ ಗಾಲಿ ಹೂತುಹೋದಾಗ, ಶಲ್ಯ ಇಳಿದು ಹೋದಾಗ, ಈ ಸಲದ ಅರ್ಥಧಾರಿ ಕರ್ಣನ ಬಾಯಲ್ಲಿ ಯಾವ ಮಾತು ಆಡಿಸುತ್ತಾನೆ ಎಂದು ಜನ ನಿದ್ದೆಗೆಟ್ಟು ಕಾಯುತ್ತಾರೆ. ಗಮಕಿಗಳು ಕುಮಾರವ್ಯಾಸನನ್ನು ವಾಚಿಸುವಾಗಲೂ ಅಷ್ಟೇ. ಗೊತ್ತಿದ್ದ ಕಥೆಗೆ ಕಾತರದಿಂದ ಕಿವಿಗೊಡುವುದು ನಮಗೆ ಶತಮಾನಗಳ ರೂಢಿ. ಕಥೆಯ ಕುತೂಹಲವೆಂದರೆ ಮಾಹಿತಿಯ ಕೊರತೆ ಎಂದುಕೊಂಡವರಿಗೆ ಮಾತ್ರ ಇದು ಒಗಟಾಗಿ ಕಾಣುತ್ತದೆ. ಆ ಗಳಿಗೆಯಲ್ಲಿ ಆ ಮನುಷ್ಯನ ಜೊತೆ ಇರಬೇಕೆಂಬ ಆಸೆಯೇ ಕುತೂಹಲದ ತಿರುಳು. ಮುಗಿವು ಗೊತ್ತಿದ್ದರೂ ಆ ಆಸೆ ಕುಂದುವುದಿಲ್ಲ. ಕೊನೆಯ ಪುಟವನ್ನು ಮೊದಲೇ ಓದಿಬಿಡುವ ಗೆಳತಿಯರಿದ್ದಾರೆ ನನಗೆ, ಅವರ ಓದಿನ ಸುಖ ನನ್ನದಕ್ಕಿಂತ ಕಡಿಮೆಯಿರುವಂತೆ ಕಾಣುವುದಿಲ್ಲ. ತೇಜಸ್ವಿಯವರ ‘ಕರ್ವಾಲೊ’ದ ಕೊನೆಗೆ ಆ ಹಾರುವ ಓತಿ ಕೈಗೆ ಸಿಗುವುದಿಲ್ಲವೆಂದು ಗೊತ್ತಿದ್ದೂ ಅದನ್ನು ಮತ್ತೆ ಮತ್ತೆ ತೆರೆಯುವವರು ಎಷ್ಟು ಜನ! ಮೂಡಿಗೆರೆಯ ಜೇನು ಸೊಸೈಟಿಯಿಂದ ಶುರುವಾದರೆ ಮಂದಣ್ಣ, ಪ್ಯಾರ, ಬಿರಿಯಾನಿ ಕರಿಯಪ್ಪ, ಕಿವಿ ನಾಯಿ ಎಲ್ಲರ ಜೊತೆ ಆ ಪ್ರಪಾತದ ಅಂಚಿನವರೆಗೂ ನಡೆದೇ ತೀರಬೇಕು. ವಿಕಾಸವಾದದ ಬಗ್ಗೆ, ಕಾಲದ ಅಗಾಧತೆಯ ಬಗ್ಗೆ ಆ ಪುಸ್ತಕ ಹೇಳುವುದು ಸಣ್ಣ ಸಂಗತಿಯೇನಲ್ಲ. ವಿಜ್ಞಾನದ ಪುಸ್ತಕ ಒಂದನ್ನೂ ಓದದವರ ತಲೆಗೂ ಅದು ಹೋಗಿದ್ದು ಓತಿ ಸಿಗುತ್ತದೋ ಇಲ್ಲವೋ ಎಂಬ ಬೇಟೆಯ ಬೆನ್ನೇರಿ.

ಕನ್ನಡದಲ್ಲಿ ಓದುಗವರ್ಗ ಎನ್ನುವುದು ಹುಟ್ಟಿದ್ದೂ ಈ ಕಾತರದಿಂದಲೇ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ತಂದರು. ಗಳಗನಾಥರು ಮರಾಠಿಯಿಂದ ಹರಿ ನಾರಾಯಣ ಆಪಟೆಯವರನ್ನು ತಂದದ್ದಲ್ಲದೆ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿ ಅವರು ಶುರುಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ನಿಂತಿತು. ಆಮೇಲೆ ಅ.ನ.ಕೃ., ತ.ರಾ.ಸು. ಬಂದರು. ಚಿತ್ರದುರ್ಗದ ಪಾಳೆಯಗಾರರ ಕಥೆಗೆ ಜನ ಮುಗಿಬಿದ್ದರು. ಹೆಚ್ಚು ಶಾಲೆ ಕಲಿಯದ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದು, ಬಸ್ ಸ್ಟ್ಯಾಂಡಿನಲ್ಲಿ ಕಾಯುವವರ ಕೈಗೂ ಅಂಗಡಿಯ ಗಲ್ಲಾದಲ್ಲಿ ಕೂತವರ ಕೈಗೂ ಪುಸ್ತಕ ಕೊಟ್ಟರು. ಕನ್ನಡ ಅಕ್ಷರ ಬಲ್ಲ ಎಷ್ಟೋ ಜನರಿಗೆ ಪಠ್ಯದ ಆಚೆ ಸಿಕ್ಕ ಮೊದಲ ಪುಸ್ತಕ ಪತ್ತೇದಾರ ಪುರುಷೋತ್ತಮನದು.

ಮತ್ತೆ ಬಾಡಿಗೆ ಲೈಬ್ರರಿಗಳು. ಬೆಂಗಳೂರು, ಮೈಸೂರಿನ ಬಡಾವಣೆಗಳಿಂದ ಹಿಡಿದು ಸಣ್ಣ ಪಟ್ಟಣಗಳವರೆಗೆ, ದರ್ಜಿ ಅಂಗಡಿಯ ಪಕ್ಕದಲ್ಲೋ ಮನೆಯ ಮುಂದಿನ ಕೋಣೆಯಲ್ಲೋ ನಡೆಯುತ್ತಿದ್ದವು. ಅವುಗಳ ಬಗ್ಗೆ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಒಂದು ಅಧ್ಯಾಯವೂ ಇಲ್ಲದಿರುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ. ಸ್ವಲ್ಪ ಠೇವಣಿ, ದಿನಕ್ಕಿಷ್ಟು ಬಾಡಿಗೆ. ಹೊಸ ಪುಸ್ತಕ ಬಂದ ಕೂಡಲೇ ಅದರ ಬಣ್ಣದ ಮುಖಪುಟ ತೆಗೆದು ದಪ್ಪ ರಟ್ಟು ಹಾಕಿ ದಾರದಲ್ಲಿ ಹೊಲಿದುಬಿಡುತ್ತಿದ್ದರು, ಬೆನ್ನಿನ ಮೇಲೆ ನಂಬರು. ಹೊಲಿಗೆ ಒಳಗೆ ಬಂದು ಸಾಲಿನ ಮೊದಲ ಅಕ್ಷರಗಳು ಮುಚ್ಚಿಹೋಗಿ, ಅದನ್ನು ಹೆಬ್ಬೆರಳಿನಿಂದ ಅಗಲಿಸಿ ಓದಬೇಕಾಗುತ್ತಿತ್ತು. ಪುಟದಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ‘ಪಾಪ’ ಎಂದೋ, ‘ಇವನಿಗೆ ಹೀಗೇ ಆಗಬೇಕು’ ಎಂದೋ ಬರೆದಿರುತ್ತಿದ್ದರು. ಅದರ ಕೆಳಗೆ ಇನ್ನೊಬ್ಬರ ಕೈಬರಹದಲ್ಲಿ ಅದಕ್ಕೆ ಉತ್ತರ. ಎಲ್ಲಕ್ಕಿಂತ ಮುಖ್ಯವಾದದ್ದು, ಆ ರಟ್ಟಿನ ಉಡುಗೆಯಲ್ಲಿ ಎಲ್ಲ ಪುಸ್ತಕಗಳೂ ಒಂದೇ ಥರ ಕಾಣುತ್ತಿದ್ದವು. ಕಾರಂತರ ‘ಬೆಟ್ಟದ ಜೀವ’ದ ಪಕ್ಕದಲ್ಲಿ ಸಾಯಿಸುತೆಯವರ ಕಾದಂಬರಿ, ಅದರ ಪಕ್ಕದಲ್ಲಿ ಟಿ.ಕೆ. ರಾಮರಾವ್. ಇದು ಗಂಭೀರ ಸಾಹಿತ್ಯ, ಇದು ಜನಪ್ರಿಯ ಸಾಹಿತ್ಯ ಎಂಬ ಫಲಕ ಅಲ್ಲಿರಲಿಲ್ಲ. ಸಂಜೆ ತರಕಾರಿ ಚೀಲದೊಂದಿಗೆ ಬಂದ ಹೆಂಗಸು ‘ತ್ರಿವೇಣಿದು ಯಾವುದಾದ್ರೂ ಬಂತಾ?’ ಎಂದು ಕೇಳಿ, ಇಲ್ಲವೆಂದರೆ ಅಂಗಡಿಯವರು ಕೊಟ್ಟದ್ದನ್ನು ಒಯ್ಯುತ್ತಿದ್ದಳು. ಕಾರಂತರೂ ಭೈರಪ್ಪನವರೂ ಎಷ್ಟೋ ಮನೆಯ ಅಡುಗೆಕೋಣೆ ಸೇರಿದ್ದು ಈ ದಾರಿಯಲ್ಲಿ.

ಆ ಓದುಗರಲ್ಲಿ ಹೆಣ್ಣುಮಕ್ಕಳೇ ಹೆಚ್ಚಿದ್ದರು. ‘ಬರೀ ಕಥೆಗೋಸ್ಕರ’ ಎಂಬ ತಾತ್ಸಾರದಲ್ಲಿ ಅವರನ್ನು ಕುರಿತ ತಾತ್ಸಾರವೂ ಕಲೆತಿದೆ ಎಂದೇ ನಾನು ತಿಳಿದಿದ್ದೇನೆ. ‘ಅಡುಗೆಮನೆ ಸಾಹಿತ್ಯ’ ಎಂದು ಕರೆದವರು ಆ ಅಡುಗೆಮನೆಯಲ್ಲಿ ಏನು ಓದಲಾಗುತ್ತಿತ್ತು ಎಂದು ಬಗ್ಗಿ ನೋಡಬೇಕಿತ್ತು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರ ‘ಶರಪಂಜರ’ದಲ್ಲಿ ಬಾಣಂತಿತನದ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಚಿಕಿತ್ಸೆಯಾಗಿ ವಾಸಿಯಾಗಿ ಮನೆಗೆ ಬರುತ್ತಾಳೆ. ಕಥೆಯ ಕಾತರವೆಲ್ಲ ಅಲ್ಲಿಂದ ಶುರು. ಈಗ ಮನೆಯವರು ಅವಳನ್ನು ಮನುಷ್ಯಳೆಂದು ಕಾಣುತ್ತಾರೋ, ಹುಚ್ಚಿ ಎಂದೇ ಕಾಣುತ್ತಾರೋ? ಅವಳು ಕೋಪಿಸಿಕೊಂಡರೂ ತಪ್ಪು, ನಕ್ಕರೂ ಅನುಮಾನ. ಬಾಣಂತಿಯರ ಮಾನಸಿಕ ಅಸ್ವಸ್ಥತೆಯ ಬಗ್ಗೆ ಬಾಯಿಬಿಟ್ಟು ಮಾತಾಡಲು ಯಾರೂ ಸಿದ್ಧರಿಲ್ಲದ ಕಾಲದಲ್ಲಿ ಸಾವಿರಾರು ಹೆಂಗಸರು ಕಾವೇರಿಯ ಜೊತೆ ಆ ಮನೆಯೊಳಗೆ ಕೂತರು. ಪುಟ್ಟಣ್ಣ ಕಣಗಾಲರ 1971ರ ಚಿತ್ರ ಆಮೇಲಿನದು. 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ಓದುತ್ತ ಓದುತ್ತ ನಡುವಯಸ್ಸು ದಾಟಿದ ಗೃಹಿಣಿಯೊಬ್ಬರು ಬರೆಯಲು ಕೂತು ‘ಫಣಿಯಮ್ಮ’ದಂಥ ಕೃತಿಯನ್ನು ಕೊಟ್ಟರು.

ಹಾಗೆಂದು ಆ ಕಪಾಟಿನ ಎಲ್ಲವೂ ‘ಶರಪಂಜರ’ ಆಗಿರಲಿಲ್ಲ. ಸಹಿಸಿಕೊಂಡ ಹೆಣ್ಣೇ ಒಳ್ಳೆಯವಳು, ಬೆಳ್ಳಗಿರುವವಳೇ ನಾಯಕಿ, ಶ್ರೀಮಂತನ ಮನಸ್ಸು ಕರಗಿದರೆ ಸುಖಾಂತ ಎಂಬ ಅಚ್ಚಿನಲ್ಲಿ ಬಂದವು ರಾಶಿ ರಾಶಿ. ಅವುಗಳಿಂದ ಕೆಟ್ಟ ನಂಬಿಕೆಗಳು ಬಲವಾದವು ಎಂಬ ಆಪಾದನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕಥೆಗೋಸ್ಕರ ಓದುವವರು ಹೆಚ್ಚು ಓದುತ್ತಾರೆ, ಹೆಚ್ಚು ಓದಿದವರಿಗೆ ಅಚ್ಚು ಬೇಗ ಗೊತ್ತಾಗುತ್ತದೆ. ನಾಯಕ ನಾಯಕಿಯನ್ನು ಮೊದಲ ಭೇಟಿಯಲ್ಲೇ ಅವಮಾನಿಸಿದರೆ ಇಪ್ಪತ್ತನೇ ಅಧ್ಯಾಯಕ್ಕೆ ಮದುವೆ ಎಂದು ಬಾಡಿಗೆ ಲೈಬ್ರರಿಯ ಖಾಯಂ ಓದುಗರು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಅಚ್ಚಿನ ಕಥೆಯ ದೋಷವೇ ಅದು, ಕಾತರವನ್ನು ಎಬ್ಬಿಸುತ್ತೇನೆಂದು ಹೇಳಿ ಅದನ್ನು ಎಬ್ಬಿಸುವುದಿಲ್ಲ. ಅದನ್ನು ಪತ್ತೆಹಚ್ಚಲು ಸಿದ್ಧಾಂತ ಬೇಕಾಗಿಲ್ಲ, ರುಚಿ ಸಾಕು. ರುಚಿ ಬೆಳೆಯಲು ಸಮೃದ್ಧಿ ಬೇಕು.

ಜನಪ್ರಿಯ ಕಾದಂಬರಿಯನ್ನು ಸಮರ್ಥಿಸುವ ಕೆಲವರು, ಅದು ಗಂಭೀರ ಸಾಹಿತ್ಯಕ್ಕೆ ಮೊದಲ ಮೆಟ್ಟಿಲು ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದ ಹೇಳುವ ಮಾತಾದರೂ ಇದನ್ನು ನಾನು ಒಪ್ಪುವುದಿಲ್ಲ. ಮೆಟ್ಟಿಲೆಂದರೆ ಮೇಲೆ ಹೋದವರು ಕೆಳಗಿನದನ್ನು ಬಿಟ್ಟುಬಂದರು ಎಂದಾಗುತ್ತದೆ. ನಿಜವಾದ ಓದುಗರು ಹಾಗೆ ಬಿಡುವುದಿಲ್ಲ. ‘ಕುಸುಮಬಾಲೆ’ಯನ್ನು ಗಟ್ಟಿಯಾಗಿ ಓದಿಕೊಂಡು ಅದರ ನುಡಿಯ ಲಯಕ್ಕೆ ಮಾರುಹೋದ ವಾರದಲ್ಲೇ ‘ಜುಗಾರಿ ಕ್ರಾಸ್’ ಹಿಡಿದು ಸುರೇಶ–ಗೌರಿಯ ಹಿಂದೆ ಓಡಬಹುದು. ಅನಾರೋಗ್ಯದಲ್ಲಿ ಮಲಗಿದಾಗ ಬೇಕಾಗುವ ಪುಸ್ತಕ ಬೇರೆ, ರೈಲಿನ ಮೇಲಿನ ಬರ್ತಿನಲ್ಲಿ ಬೇಕಾಗುವುದು ಬೇರೆ, ಮನೆಯಲ್ಲಿ ಸಾವಾದ ಮೇಲಿನ ದಿನಗಳಲ್ಲಿ ಹಿಡಿಯಬಹುದಾದದ್ದು ಬೇರೆ. ಬೇಸರ ಹುಟ್ಟಿಸಿದ ಪುಸ್ತಕವನ್ನು ಅರ್ಧಕ್ಕೆ ಬಿಡುವುದು ಅಪರಾಧವಲ್ಲ. ನಿಸರ್ಗ ವರ್ಣನೆಯ ಎರಡು ಪುಟ ಹಾರಿಸಿದರೂ ಮರುಓದಿನಲ್ಲಿ ಅದಕ್ಕೇ ಹಿಂದಿರುಗುವುದುಂಟು. ಪ್ರಶಸ್ತಿ ಬಂದಿದೆಯೆಂದು ಓದಲೇಬೇಕಿಲ್ಲ, ಪ್ರಶಸ್ತಿ ಬಂದಿದೆಯೆಂದು ದೂರವಿಡಲೂ ಬೇಕಿಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಬಾನು ಮುಷ್ತಾಕರ ಕಥೆಗಳನ್ನು ಮೊದಲ ಸಲ ಹುಡುಕಿ ಓದಿದವರಿಗೆ ‘ಎದೆಯ ಹಣತೆ’ಯ ಮೆಹರುನ್ ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡು ನಿಂತ ಗಳಿಗೆಯಲ್ಲಿ ಪ್ರಶಸ್ತಿ ನೆನಪಿರಲು ಸಾಧ್ಯವಿಲ್ಲ. ಮಗಳು ಸಲ್ಮಾ ಹೊತ್ತಿಗೆ ಸರಿಯಾಗಿ ಬರುತ್ತಾಳೋ ಇಲ್ಲವೋ, ಅದೊಂದೇ ಆಗ ಮನಸ್ಸಿನಲ್ಲಿರುವುದು.

ಈಗ ಬಾಡಿಗೆ ಲೈಬ್ರರಿಗಳು ಬಹುತೇಕ ಮುಚ್ಚಿವೆ. ವಾರಪತ್ರಿಕೆಯ ಧಾರಾವಾಹಿಗೆ ಇಡೀ ಮನೆ ಕಾಯುವ ಕಾಲ ಹೋಯಿತು. ಕಾತರವೇನೂ ಸತ್ತಿಲ್ಲ. ಮೊಬೈಲಿನಲ್ಲಿ ಕಂತು ಕಂತಾಗಿ ಕಥೆ ಓದುವ ಹುಡುಗಿಯರು ಕೆಳಗೆ ‘ಮುಂದಿನ ಭಾಗ ಬೇಗ ಹಾಕಿ’ ಎಂದು ಬರೆಯುತ್ತಾರೆ, ಅವರ ಅಜ್ಜಿಯರು ಪೆನ್ಸಿಲಿನಲ್ಲಿ ಬರೆದಂತೆಯೇ. ಸತ್ತಿರುವುದು, ಆ ಕಾತರದಿಂದ ಬಂದವರ ಕೈಗೆ ಅಕಸ್ಮಾತ್ತಾಗಿ ‘ಗೃಹಭಂಗ’ವೂ ಸಿಗುವಂಥ ಕಪಾಟು. ಕನ್ನಡದ ಹೊಸ ಕಾದಂಬರಿ ಸಾಮಾನ್ಯವಾಗಿ ಸಾವಿರ ಪ್ರತಿ, ಈಚೆಗೆ ಅದಕ್ಕಿಂತಲೂ ಕಡಿಮೆ ಅಚ್ಚಾಗುತ್ತದೆ. ಅದರ ದೊಡ್ಡ ಆಸರೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇ 6ರ ಕರ ಕಟ್ಟುವವರು ನಾವು. ಏನು ಕೊಳ್ಳಬೇಕೆಂದು ಓದುಗರನ್ನು ಕೇಳುವ ರೂಢಿ ಮಾತ್ರ ಬೆಳೆದಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಹೋಗಿ ಈಗ ಅರಿವು ಕೇಂದ್ರಗಳಾಗಿವೆ. ಹಲವೆಡೆ ಕಟ್ಟಡ ಚೆಂದವಾಗಿದೆ, ಕಂಪ್ಯೂಟರ್ ಬಂದಿದೆ, ಮಕ್ಕಳು ಬರುತ್ತಾರೆ. ಒಳಗೆ ಹೋದರೆ ಕಣ್ಣೆತ್ತರದ ಕಪಾಟಿನ ತುಂಬ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ಕೆಲಸ ಹುಡುಕುವ ಹುಡುಗರಿಗೆ ಅವು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾದಂಬರಿಗಳು ಮೂಲೆಯ ಬೀರುವಿನಲ್ಲಿ, ಅದಕ್ಕೆ ಬೀಗ, ಬೀಗದ ಕೈ ಮೇಲ್ವಿಚಾರಕರ ಮನೆಯಲ್ಲಿ.

ಆ ಬೀರುವಿನಿಂದ ಒಂದಷ್ಟನ್ನು ತೆಗೆದು ಬಾಗಿಲ ಬಳಿ ಇಡಲು ಹೊಸ ಯೋಜನೆಯಾಗಲಿ ಅನುದಾನವಾಗಲಿ ಬೇಕಾಗಿಲ್ಲ. ಮನೆಗೆ ಒಯ್ಯಲು ಕೊಡಬೇಕು, ಹರಿದರೆ ಹರಿಯಲಿ ಎಂಬ ಧೈರ್ಯ ಇರಬೇಕು. ಪಕ್ಕದಲ್ಲೊಂದು ನೋಟ್‌ಬುಕ್, ದಾರಕ್ಕೆ ಕಟ್ಟಿದ ಪೆನ್ಸಿಲು ಇಟ್ಟರೆ ಮುಂದೆ ಯಾವುದನ್ನು ತರಿಸಬೇಕೆಂದು ಓದಿದವರೇ ಬರೆಯುತ್ತಾರೆ. ಖರೀದಿಯ ಪಟ್ಟಿ ಮಾಡುವವರು ಅದನ್ನೂ ತರಿಸಿಕೊಂಡು ನೋಡಲಿ. ಶುರುವಿಗೆ ಯಾವುದಿರಲಿ ಎಂದು ಕೇಳಿದರೆ ನಾನು ‘ಕರ್ವಾಲೊ’, ‘ದುರ್ಗಾಸ್ತಮಾನ’, ‘ಫಣಿಯಮ್ಮ’, ‘ಶರಪಂಜರ’, ‘ಗೃಹಭಂಗ’ಗಳನ್ನು ಹೇಳುತ್ತೇನೆ. ಜೊತೆಗೆ ಸಾಯಿಸುತೆಯವರದು ನಾಲ್ಕು, ನರಸಿಂಹಯ್ಯನವರ ಪತ್ತೇದಾರಿ ಎಷ್ಟು ಸಿಕ್ಕರೆ ಅಷ್ಟು, ಮತ್ತು ಅವುಗಳ ನಡುವೆಯೇ, ಬೇರೆ ಸಾಲಿನಲ್ಲಿ ಇಡದೆ, ‘ಮಲೆಗಳಲ್ಲಿ ಮದುಮಗಳು’ ಎರಡು ಪ್ರತಿ.